ಕ್ಷುದ್ರಗ್ರಹದ ಮಾಹಿತಿಪಟ್ಟಿಯನ್ನು ಓದುವ ಕ್ರಮ: ಅಪೋಫಿಸ್‌ನ ಉದಾಹರಣೆ

ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಸಾರ್ವಜನಿಕ ದತ್ತಸಂಚಯದಲ್ಲಿ 99942 ಎಂದು ಹುಡುಕಿದರೆ, 2004ರಲ್ಲಿ ಪತ್ತೆಯಾದ ಅಪೋಫಿಸ್ ಕ್ಷುದ್ರಗ್ರಹದ ಮಾಹಿತಿಪಟ್ಟಿ ಸಿಗುತ್ತದೆ. ‘ಅಪಾಯಕಾರಿ’ ಎಂಬ ವರ್ಗೀಕರಣದತ್ತ ಮೊದಲು ಕಣ್ಣು ಹೋಗುವುದು ಸಹಜವಾದರೂ, ಓದನ್ನು ಕಕ್ಷೆಯ ಅಂಕಿಗಳಿಂದಲೇ ಆರಂಭಿಸುವುದು ಒಳ್ಳೆಯದು.

ಅರ್ಧ ದೀರ್ಘಾಕ್ಷ (ಅಂಡಾಕಾರದ ಕಕ್ಷೆಯ ಅತಿ ಉದ್ದದ ವ್ಯಾಸದ ಅರ್ಧ) ಮತ್ತು ಉತ್ಕೇಂದ್ರತೆ (ಕಕ್ಷೆ ವೃತ್ತಾಕಾರದಿಂದ ಎಷ್ಟು ಭಿನ್ನವೆಂಬ ಅಳತೆ) ಎಂಬ ಎರಡು ಅಂಕಿಗಳನ್ನು ಬರೆದುಕೊಳ್ಳಿ. ಅಪೋಫಿಸ್‌ಗೆ ಇವು ಕ್ರಮವಾಗಿ 0.922 ಖಗೋಳಮಾನ ಮತ್ತು 0.191. ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರ, ಅಂದರೆ ಸುಮಾರು 15 ಕೋಟಿ ಕಿ.ಮೀ., ಒಂದು ಖಗೋಳಮಾನ. ಉತ್ಕೇಂದ್ರತೆಯನ್ನು 1ರಿಂದ ಕಳೆದು ಅರ್ಧ ದೀರ್ಘಾಕ್ಷದಿಂದ ಗುಣಿಸಿದರೆ ಸೂರ್ಯನಿಗೆ ಅತಿ ಸಮೀಪದ ದೂರವಾದ ಪುರರವಿ (0.746), 1ಕ್ಕೆ ಕೂಡಿಸಿ ಗುಣಿಸಿದರೆ ಅತಿ ದೂರವಾದ ಅಪರವಿ (1.098) ದೊರೆಯುತ್ತವೆ. ಪುರರವಿ 1.3ಕ್ಕಿಂತ ಕಡಿಮೆಯಿರುವ ಕ್ಷುದ್ರಗ್ರಹವೆಲ್ಲವೂ ಭೂಸಮೀಪ ಕ್ಷುದ್ರಗ್ರಹವೇ. ಅರ್ಧ ದೀರ್ಘಾಕ್ಷ 1ಕ್ಕಿಂತ ಕಡಿಮೆಯಿದ್ದು ಅಪರವಿ 0.983ನ್ನು ಮೀರಿರುವುದರಿಂದ ಅಪೋಫಿಸ್ ಏಟನ್ ಗುಂಪಿಗೆ ಸೇರುತ್ತದೆ. ಇದು ಸುಮಾರು 324 ದಿನಗಳಿಗೊಮ್ಮೆ ಸೂರ್ಯನನ್ನು ಸುತ್ತುತ್ತದೆ.

ಬಳಿಕ ಭೂಮಿ ಮತ್ತು ಕ್ಷುದ್ರಗ್ರಹದ ಕಕ್ಷೆಗಳ ನಡುವಿನ ಕನಿಷ್ಠ ಅಂತರವನ್ನು ನೋಡಿ. ಇದು 0.05 ಖಗೋಳಮಾನ, ಅಂದರೆ ಸುಮಾರು 75 ಲಕ್ಷ ಕಿ.ಮೀ. ಮೀರದೆ, ನಿರಪೇಕ್ಷ ಕಾಂತಿಮಾನವೂ (ಕಾಯದ ನಿಜವಾದ ಪ್ರಕಾಶದ ಅಳತೆ; ಅಂಕಿ ಕಡಿಮೆಯಾದಷ್ಟೂ ಪ್ರಕಾಶ ಹೆಚ್ಚು) 22 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ‘ಅಪಾಯಕಾರಿಯಾಗಬಹುದಾದದ್ದು’ ಎಂಬ ಗುರುತು ಬೀಳುತ್ತದೆ. ಪತ್ರಿಕೆಗಳು ಇದನ್ನು ಡಿಕ್ಕಿಯ ಮುನ್ಸೂಚನೆಯೆಂಬಂತೆ ಬರೆಯುವುದುಂಟು. ಆದರೆ ಡಿಕ್ಕಿಯ ಸಂಭಾವ್ಯತೆಯ ಲೆಕ್ಕವೇ ಬೇರೆ. 2021ರ ರೇಡಾರ್ ವೀಕ್ಷಣೆಗಳ ನಂತರ, ಅಪೋಫಿಸ್ ಮುಂದಿನ ನೂರು ವರ್ಷಗಳವರೆಗಾದರೂ ಭೂಮಿಗೆ ಅಪ್ಪಳಿಸುವುದಿಲ್ಲವೆಂದು ಖಚಿತವಾಗಿದೆ.

ಗಾತ್ರದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಕಾಂತಿಮಾನವೊಂದರಿಂದಲೇ ವ್ಯಾಸ ಗೊತ್ತಾಗದು, ಮೇಲ್ಮೈ ಎಷ್ಟು ಬೆಳಕನ್ನು ಪ್ರತಿಫಲಿಸುತ್ತದೆಂಬುದೂ ತಿಳಿದಿರಬೇಕು: ಕಾಂತಿಮಾನ 22 ಇರುವ ಕಾಯವು ಶೇ. 25ರಷ್ಟು ಬೆಳಕನ್ನು ಪ್ರತಿಫಲಿಸಿದರೆ ಅದರ ವ್ಯಾಸ ಸುಮಾರು 106 ಮೀಟರ್, ಶೇ. 5ರಷ್ಟೇ ಪ್ರತಿಫಲಿಸುವ ಕಪ್ಪು ಕಾಯವಾದರೆ 237 ಮೀಟರ್. ಆದ್ದರಿಂದ ವ್ಯಾಸದ ಅಂಕಿ ರೇಡಾರ್‌ನಂತಹ ನೇರ ಅಳತೆಯಿಂದ ಬಂದದ್ದೋ, ಬರಿಯ ಅಂದಾಜೋ ಎಂಬುದನ್ನು ಪರಿಶೀಲಿಸಿಕೊಳ್ಳಿ. ಅಪೋಫಿಸ್‌ನ ಸರಾಸರಿ ವ್ಯಾಸ ಸುಮಾರು 340 ಮೀಟರ್. ಶಿಲಾಮಯವಾದ ಈ ಕಾಯ ಒಂದೇ ಅಕ್ಷದ ಮೇಲೆ ಸ್ಥಿರವಾಗಿ ತಿರುಗದೆ ಉರುಳಾಡುತ್ತ ಸಾಗುವುದರಿಂದ, ‘ಆವರ್ತನಾವಧಿ’ (ತನ್ನ ಸುತ್ತ ಒಮ್ಮೆ ತಿರುಗಲು ಹಿಡಿಯುವ ಸಮಯ) ಎಂಬಲ್ಲಿರುವ ಒಂದೇ ಸಂಖ್ಯೆ ಅದರ ಚಲನೆಯನ್ನು ಪೂರ್ತಿಯಾಗಿ ಹೇಳುವುದಿಲ್ಲ.

ಅಂಕಿಗಳನ್ನು ನಕಲಿಸಿಕೊಳ್ಳುವ ಮುನ್ನ ಅವು ಯಾವ ದಿನಾಂಕಕ್ಕೆ ಅನ್ವಯಿಸುತ್ತವೆಂಬುದನ್ನೂ ಗುರುತು ಹಾಕಿಕೊಳ್ಳಬೇಕು. 2029ರ ಏಪ್ರಿಲ್ 13ರಂದು ಅಪೋಫಿಸ್ ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿ.ಮೀ. ದೂರದಲ್ಲಿ, ಭೂಸ್ಥಿರ ಉಪಗ್ರಹಗಳಿಗಿಂತಲೂ ಸಮೀಪದಲ್ಲಿ ಹಾದುಹೋಗಲಿದ್ದು, ಭೂಮಿಯ ಗುರುತ್ವದಿಂದಾಗಿ ಅದರ ಕಕ್ಷೆ ಹಿಗ್ಗಿ ಅರ್ಧ ದೀರ್ಘಾಕ್ಷ 1ನ್ನು ದಾಟುತ್ತದೆ. ಆಗ ಅದು ಅಪೊಲೊ ಗುಂಪಿನ ಸದಸ್ಯ.