ಮದುವೆ ದಾಖಲೆಯಿಂದ ಚೆಕ್ಕುಬಂದಿಯವರೆಗೆ: ಕ್ವಿಬೆಕ್ ರೈತನ ವಂಶ ಹುಡುಕಿದ ಬಗೆ

ನನ್ನ ಹೆಂಡತಿಯ ತವರು ಕೆನಡಾದ ಕ್ವಿಬೆಕ್‌ನ ಫ್ರೆಂಚ್ ರೈತ ಮನೆತನ. ಅವರ ವಂಶ ಹುಡುಕಲು ನಾನು ಹಿಡಿದದ್ದು ಹುಟ್ಟಿನ ದಾಖಲೆಯನ್ನಲ್ಲ, ಮದುವೆಯದನ್ನು. ಅಲ್ಲಿನ ಕ್ಯಾಥೊಲಿಕ್ ಪಾದ್ರಿಗಳು ವಧೂವರರ ತಂದೆತಾಯಿಯರ ಹೆಸರನ್ನು, ತಾಯಿಯ ತವರು ಹೆಸರಿನ ಸಮೇತ, ಬರೆದಿಡುತ್ತಿದ್ದರು. ಹಾಗಾಗಿ ಒಂದು ಮದುವೆ ಸಿಕ್ಕರೆ ಹಿಂದಿನ ತಲೆಮಾರಿನ ಜೋಡಿ ಗೊತ್ತಾಗುತ್ತದೆ. ಎರಡನೇ ಮದುವೆಯಾದರೆ ಮಾತ್ರ ತಂದೆತಾಯಿಯ ಬದಲು ತೀರಿಕೊಂಡ ಸಂಗಾತಿಯ ಹೆಸರು ಇರುವುದುಂಟು; ಆಗ ಮೊದಲ ಮದುವೆಯನ್ನು ಹುಡುಕಬೇಕು. ಮದುವೆ ಸಾಮಾನ್ಯವಾಗಿ ಹೆಣ್ಣಿನ ಊರಿನ ಚರ್ಚಿನಲ್ಲಿ ನಡೆಯುತ್ತಿತ್ತು. ಗಂಡಿನ ಊರಿನ ಪುಸ್ತಕದಲ್ಲಿ ಸಿಗದಿದ್ದರೆ ಅಕ್ಕಪಕ್ಕದ ಊರುಗಳನ್ನು ನೋಡಿ.

1621ರಿಂದೀಚಿನ ಚರ್ಚ್ ಪುಸ್ತಕಗಳ ಪುಟಗಳು ಫ್ಯಾಮಿಲಿಸರ್ಚ್ ಎಂಬ ವಂಶ ಹುಡುಕುವ ಜಾಲತಾಣದಲ್ಲಿ ಉಚಿತ. ಹೆಸರು ಹಾಕಿ ಹುಡುಕಿದಾಗ ಬರಲಿಲ್ಲವೆಂದು ಕೈಬಿಡಬೇಡಿ, ಪುಟ ತಿರುವಿಯೇ ನೋಡಿ. ತಾರೀಖನ್ನು ಅಂಕಿಯಲ್ಲಲ್ಲ, ಅಕ್ಷರದಲ್ಲಿ ಬರೆದಿರುತ್ತಾರೆ. ಫ್ರೆಂಚ್ ಸಂಖ್ಯೆಗಳನ್ನು ಮೊದಲು ಕಲಿತುಕೊಳ್ಳಿ. ಹೆಸರಿಗೆ ಮೊದಲು 'ಫ್ಯೂ' (feu) ಎಂದಿದ್ದರೆ ಆತ ಆಗಲೇ ತೀರಿಕೊಂಡಿದ್ದಾನೆ. ಅಲ್ಲಿಗೆ ಸಮಾಧಿ ದಾಖಲೆ ಹುಡುಕಬೇಕಾದ ವರ್ಷಗಳೂ ಕಡಿಮೆಯಾಗುತ್ತವೆ.

ಹೆಚ್ಚು ಎಡವುವುದು ಅಡ್ಡಹೆಸರಿನಲ್ಲಿ. 'ಯುದೊಂ ದಿ ಬೋಲ್ಯೂ' ಎಂದರೆ ಬೋಲ್ಯೂ ಎಂದು ಕರೆಸಿಕೊಳ್ಳುವ ಯುದೊಂ. ಒಬ್ಬ ಮಗ ಯುದೊಂ ಆಗಿ ಉಳಿಯಬಹುದು, ಇನ್ನೊಬ್ಬ ಬೋಲ್ಯೂ ಆಗಬಹುದು. ಅಮೆರಿಕಕ್ಕೆ ಹೋದವರಲ್ಲಿ 'ರುವಾ'ಗಳು (ಫ್ರೆಂಚಿನಲ್ಲಿ ರಾಜ ಎಂದರ್ಥ) ಕಿಂಗ್ ಆದದ್ದೂ ಉಂಟು. ಹೆಂಗಸರ ಹೆಸರು ಮಾತ್ರ ಮದುವೆಯಿಂದ ಬದಲಾಗುವುದಿಲ್ಲ: ಚರ್ಚ್ ದಾಖಲೆಯಲ್ಲಿ ಸಮಾಧಿಯವರೆಗೂ ತವರಿನದೇ ಇರುತ್ತದೆ. ಅದಕ್ಕೇ ನಾನು ಗಂಡಸನ್ನು ಒಂಟಿಯಾಗಿ ಹುಡುಕುವುದನ್ನು ಬಿಟ್ಟು, ಗಂಡ ಹೆಂಡತಿಯ ಹೆಸರನ್ನು ಜೋಡಿಯಾಗಿ ಹುಡುಕತೊಡಗಿದೆ. ಒಂದೇ ಊರಿನ ಇಬ್ಬರು ಜೋಸೆಫರನ್ನು ಒಬ್ಬನೇ ಎಂದುಕೊಂಡು ಒಂದು ಕವಲನ್ನೇ ತಪ್ಪಾಗಿ ಬರೆದಿದ್ದೆ. ತಿದ್ದಿಕೊಂಡದ್ದು ಹೆಂಡತಿಯರ ಹೆಸರಿನಿಂದ. ಗಂಡುಮಕ್ಕಳಿಗೆ ಜೋಸೆಫ್, ಹೆಣ್ಣುಮಕ್ಕಳಿಗೆ ಮರಿ (ಮೇರಿ) ಎಂದು ಮೊದಲು ಸೇರಿಸುವುದು ಅಲ್ಲಿ ವಾಡಿಕೆ. ಕರೆಯುವ ಹೆಸರು ಬೇರೆ. ವಯಸ್ಸಿನಿಂದ ಹುಟ್ಟಿದ ವರ್ಷ ಲೆಕ್ಕ ಹಾಕುವಾಗಲೂ ಎಚ್ಚರ: 1851ರ ಜನಗಣತಿಯಲ್ಲಿ ಬರೆದಿರುವುದು ಮುಂದಿನ ಹುಟ್ಟುಹಬ್ಬಕ್ಕೆ ತುಂಬುವ ವಯಸ್ಸು. ಅದೂ ಲೆಕ್ಕ ಮಾಡಿದ್ದು 1852ರ ಜನವರಿಯಲ್ಲಿ.

ಇಷ್ಟು ಮಾಡಿದರೆ ಹೆಸರುಗಳ ಸಾಲು ಸಿಗುತ್ತದೆ. ಆ ರೈತ ಹೇಗೆ ಬದುಕಿದ ಎಂದು ತಿಳಿಯಲು ನೋಟರಿ ಪತ್ರಗಳಿಗೇ (ಒಪ್ಪಂದ, ಕ್ರಯ, ದಾನಗಳನ್ನು ನೋಟರಿಗಳು ಬರೆದಿಟ್ಟ ಪತ್ರಗಳಿಗೆ) ಹೋಗಬೇಕು. ಮದುವೆಯ ಒಪ್ಪಂದ ಹೆಚ್ಚಾಗಿ ಮದುವೆಗೆ ಕೆಲವೇ ದಿನ ಮೊದಲು ಆಗಿರುತ್ತದೆ. ಇಂಥ ಪತ್ರಗಳನ್ನು ಜೋಡಿಸಿಟ್ಟಿರುವುದು ಊರಿನ ಹೆಸರಿನಲ್ಲಲ್ಲ, ನೋಟರಿಯ ಹೆಸರಿನಲ್ಲಿ. ಆ ಸುತ್ತಿನ ನೋಟರಿಗಳ ಪಟ್ಟಿ ಮಾಡಿ, ಒಬ್ಬೊಬ್ಬರ ಸೂಚಿಯನ್ನೂ ತಾರೀಖಿನ ಪ್ರಕಾರ ನೋಡಿ. 1801ರವರೆಗಿನವಕ್ಕೆ 'ಪಾರ್ಶ್‌ಮ್ಯಾಂ' ಎಂಬ ಸೂಚಿ ಇದೆ.

ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದೆನಿಸಿದ್ದು ದಾನಪತ್ರ. ಮುದುಕರು ಬದುಕಿರುವಾಗಲೇ ಹೊಲಮನೆಯನ್ನು ಒಬ್ಬ ಮಗನಿಗೆ ಬರೆದುಕೊಟ್ಟು, ಬದಲಿಗೆ ಜೀವನಾಂಶ ಕಟ್ಟಿಕೊಳ್ಳುತ್ತಿದ್ದರು: ವರ್ಷಕ್ಕೆ ಇಷ್ಟು ಮಿನೊ ಗೋಧಿ (ಒಂದು ಮಿನೊಗೆ ಸುಮಾರು 39 ಲೀಟರ್), ಕೊಬ್ಬಿಸಿದ ಒಂದು ಹಂದಿ, ಬಾಗಿಲಿಗೆ ತಂದಿಳಿಸಿದ ಸೌದೆ, ತೀರಿಕೊಂಡ ಮೇಲೆ ಇಷ್ಟು ಪೂಜೆ. 'ಸಾಯದ ಹಸು' ಎಂಬ ಮಾತೂ ಬರುತ್ತದೆ. ಕೊಟ್ಟ ಹಸು ಸತ್ತರೆ ಮಗ ಇನ್ನೊಂದನ್ನು ತಂದು ಕಟ್ಟಬೇಕು ಎಂದರ್ಥ. ಆ ಸಾಲನ್ನು ಓದುವಾಗ ಗಂಟಲು ಕಟ್ಟಿತು.

ಜಮೀನಿನ ವಿವರವೂ ಇಲ್ಲೇ ಸಿಗುತ್ತದೆ. ನದಿಯ ಕಡೆಗೆ ಮೂರು ಆರ್ಪಾಂ ಅಗಲ, ಒಳಕ್ಕೆ ಮೂವತ್ತು ನಲವತ್ತು ಆರ್ಪಾಂ ಉದ್ದದ ಪಟ್ಟಿ ಎಂದು ಮತ್ತೆ ಮತ್ತೆ ಕಾಣುತ್ತದೆ. ಒಂದು ಆರ್ಪಾಂ ಸುಮಾರು 58 ಮೀಟರ್. ಮೂರಕ್ಕೆ ಮೂವತ್ತೆಂದರೆ ಹತ್ತಿರ ಹತ್ತಿರ 76 ಎಕರೆ. ಹಳೆಯ ಪತ್ರಗಳಲ್ಲಿ ಸರ್ವೆ ನಂಬರ್ ಇಲ್ಲ, ನಮ್ಮ ಕ್ರಯಪತ್ರದ ಚೆಕ್ಕುಬಂದಿಯಂತೆಯೇ ಮುಂದೆ ನದಿ, ಎರಡು ಮಗ್ಗುಲಲ್ಲಿ ಇಂಥವರ ಹೊಲ ಎಂದಿರುತ್ತದೆ. ಅದಕ್ಕಾಗಿ ಅಕ್ಕಪಕ್ಕದವರ ಪತ್ರಗಳನ್ನೂ ತೆಗೆಸಿ ನೋಡಿ. ನಮ್ಮವನ ಸಮಾಧಿ ದಾಖಲೆ ಸಿಗದೆ ನಿಂತಿದ್ದಾಗ, ಪಕ್ಕದ ಹೊಲದ ಕ್ರಯಪತ್ರದಲ್ಲಿ ಈಶಾನ್ಯದ ಗಡಿಗೆ ಅವನ ಬದಲು ಅವನ ವಿಧವೆಯ ಹೆಸರಿತ್ತು. ಆ ಪತ್ರದ ತಾರೀಖಿನಿಂದ ಹಿಂದಕ್ಕೆ ಪುಟ ತಿರುವುತ್ತ ಹೋದೆ.