ಮಣ್ಣು ವಿಜ್ಞಾನ ಓದಿದವನು ಊರಿನ ಸಭೆಯಲ್ಲಿ ಕುಳಿತಾಗ

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಇರುವ ಜಿಕೆವಿಕೆಯಲ್ಲಿ ಮಣ್ಣು ವಿಜ್ಞಾನ ಓದಿ ಕೆಲವು ವರ್ಷ ಸಂಶೋಧನೆಯಲ್ಲಿದ್ದೆ. ಅಲ್ಲಿ ಯಾವ ತಾಕಿಗೆ ಯಾವ ತಳಿ, ಎಷ್ಟು ಗೊಬ್ಬರ ಎಂಬುದೆಲ್ಲ ನನ್ನದೇ ತೀರ್ಮಾನ. ಅದನ್ನು ಬಿಟ್ಟು ಚಿಂತಾಮಣಿ ಕಡೆಯ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಜಲಾನಯನದ, ಅಂದರೆ ಮಳೆ ನೀರನ್ನೂ ಮಣ್ಣನ್ನೂ ಹೊಲದಲ್ಲೇ ತಡೆಯುವ ಕೆಲಸದ ಹೊಣೆ ಹೊತ್ತೆ. ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಚಿಂತಾಮಣಿ ಆಗ ಇನ್ನೂ ಕೋಲಾರ ಜಿಲ್ಲೆಯಲ್ಲಿತ್ತು. ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆ ಕೋಲಾರ, ತುಮಕೂರು ಸೇರಿ ಐದು ಜಿಲ್ಲೆಗಳಲ್ಲಿ ನಡೆಯುತ್ತಿತ್ತು. ಉಪಗ್ರಹ ಚಿತ್ರಗಳನ್ನು ನೋಡಿ ಕೆಲಸ ಯೋಜಿಸುವ ಕಾಲ ಅದು. ಆದರೆ ಊರಿನ ಜಗಳಗಳು ಆ ಚಿತ್ರಗಳಲ್ಲಿ ಕಾಣುತ್ತಿರಲಿಲ್ಲ.

ಜಗಳ ಹೆಚ್ಚಾಗಿ ಬದುವಿನದು. ಬದು ಹಾಕಿದರೆ ಒಂದಿಷ್ಟು ನೆಲ ಹೋಗುತ್ತದೆ, ಹೆಚ್ಚಾದ ನೀರಿಗೆ ಕೋಡಿ ಬಿಡಬೇಕಾಗುತ್ತದೆ. ಆ ಕೋಡಿ ಯಾರ ಹೊಲಕ್ಕೆ ಬೀಳಬೇಕು? ನಾವು ಕಚೇರಿಯಲ್ಲಿ ಗೆರೆ ಎಳೆದು ತಂದ ನಕ್ಷೆಯನ್ನು ಯಾರೂ ಒಪ್ಪುವುದಿಲ್ಲ ಎಂದು ಗೊತ್ತಾದ ಮೇಲೆ ಪಾರದರ್ಶಕ ಪೈಪಿಗೆ ನೀರು ತುಂಬಿಸಿ ಎರಡು ಕೋಲಿಗೆ ಕಟ್ಟಿದೆವು. ಒಂದು ತುದಿ ಅಣ್ಣನ ಕೈಗೆ, ಇನ್ನೊಂದು ಮಾತು ಬಿಟ್ಟಿದ್ದ ತಮ್ಮನ ಕೈಗೆ. ಎರಡೂ ಕಡೆ ನೀರು ಸಮನಾಗಿ ನಿಂತ ಜಾಗಕ್ಕೆ ಸುಣ್ಣದ ಗುರುತು. ಪೈಪಿನ ನೀರು ಯಾರ ಪಕ್ಷವನ್ನೂ ವಹಿಸುವುದಿಲ್ಲವಲ್ಲ, ಗುರುತನ್ನು ಇಬ್ಬರೂ ಒಪ್ಪಿದರು. ಮಾತು ಮಾತ್ರ ಆಮೇಲೂ ಆಡಲಿಲ್ಲ.

ಅಲ್ಲಿಂದ ಮುಂದೆ ನನ್ನ ನಾಯಕತ್ವವೆಂದರೆ ಇಷ್ಟೇ: ಅಳತೆಯ ಸಾಧನವನ್ನು ಊರಿನವರ ಕೈಗೆ ಕೊಡುವುದು. ಹಾಲಿನ ಡೇರಿಯ ಪಕ್ಕ ಮಳೆಮಾಪಕ ನೆಟ್ಟೆವು. ಬೆಳಿಗ್ಗೆ ಹಾಲು ಹಾಕಲು ಬಂದವರೇ ಗೋಡೆಯ ಮೇಲೆ ಮಿಲಿಮೀಟರ್ ಬರೆಯುತ್ತಿದ್ದರು. ಒಂದು ಎಕರೆಗೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು ಎಂದು ಲೆಕ್ಕ ಹಾಕಿ ತೋರಿಸಿದ ದಿನ, ಬದುವಿಗೆ ವಂತಿಗೆ ಕೊಡುವ ಮಾತು ಸಲೀಸಾಯಿತು. ಮಳೆ ತಡವಾದ ವರ್ಷ, ಜಿಪಿಯು-28 ಬಿಟ್ಟು ಬೇಗ ಕೊಯ್ಲಿಗೆ ಬರುವ ಜಿಪಿಯು-48 ರಾಗಿ ಬಿತ್ತೋಣ ಎಂಬ ಸಲಹೆಯೂ ಆ ಗೋಡೆ ನೋಡಿಯೇ ಹುಟ್ಟಿತು.

ಬೆಳೆಯ ವಿಷಯದಲ್ಲಿ ಹೆಂಗಸರ ಮಾತು ಬೇರೆ. ರಾಗಿಗೆ ತೊಗರಿಯನ್ನು 8:2ರ ಸಾಲಿನಲ್ಲಿ, ಅಂದರೆ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯಂತೆ ಹಾಕುವುದು ವಿಶ್ವವಿದ್ಯಾಲಯದ ಶಿಫಾರಸು. ಅವರು ರಾಗಿಯ ನಡುವೆ ಬೇರೆ ಕಾಳು ಬಿತ್ತುವ ಅಕ್ಕಡಿ ಸಾಲಿನಲ್ಲಿ ಅವರೆಯೂ ಬೇಕು, ಹುಚ್ಚೆಳ್ಳೂ ಬೇಕು ಎಂದರು. ಸಾರಿಗೆ ಕಾಳು ಅಂಗಡಿಯಿಂದ ತರುವುದಾದರೆ ಹೊಲ ಯಾಕೆ ಸ್ವಾಮಿ ಎಂದು ಒಬ್ಬ ಅಜ್ಜಿ ಕೇಳಿದರು. ನಮ್ಮ ಇಳುವರಿ ಪಟ್ಟಿಯಲ್ಲಿ ಸಾರಿನ ಕಾಳಿಗೆ ಕಾಲಂ ಇರಲಿಲ್ಲ, ಸೇರಿಸಿದೆವು.

ಹೊಸದಾಗಿ ಸೇರುವ ಕೃಷಿ ಪದವೀಧರರನ್ನು ಮೊದಲು ಡೇರಿಗೇ ಕಳುಹಿಸುತ್ತಿದ್ದೆ, ವರದಿ ಬರೆಯಲು ಆಮೇಲೆ. ಆರ್ಥಿಕ ವರ್ಷ ಮುಗಿಯುವ ಮಾರ್ಚ್ ತಿಂಗಳ ಕಾಟ ಎಲ್ಲ ಕಡೆ ಇರುವುದೇ: ಹಣ ಉಳಿದಿದೆ, ಏನಾದರೂ ತೋಡಿ ಎಂಬ ಒತ್ತಡ. ಜಾಗ ನೋಡದೆ ತೋಡಿದ ಕೃಷಿ ಹೊಂಡ ಫೋಟೊಕ್ಕೆ ಮಾತ್ರ ಚೆನ್ನ. ಬೇಡ ಎಂದು ಪತ್ರ ಬರೆಯುವುದೇ ಈ ಹುದ್ದೆಯ ಕಷ್ಟದ ಕೆಲಸ. ಸಂಬಳವೂ ಅದಕ್ಕೇ ಎಂದುಕೊಂಡೆ.

ನೆರವು ಕೊಡುವವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ಬದು ಹಾಕಿದರೆ ಕೊಳವೆಬಾವಿ ತುಂಬುತ್ತದೆಯೇ? ಸಾವಿರ ಅಡಿ ದಾಟಿದ ಬಾವಿ ಬದುವಿನಿಂದ ತುಂಬುವುದಿಲ್ಲ. ಮಣ್ಣಿನಲ್ಲಿ ಹಸಿ ಉಳಿದು ರಾಗಿ ಇನ್ನಷ್ಟು ದಿನ ತಡೆಯುತ್ತದೆ, ಅಷ್ಟೇ. ಇದನ್ನು ಮೊದಲ ಭೇಟಿಯಲ್ಲೇ ಹೇಳುತ್ತೇನೆ. ಕೆಲವರು ಅಲ್ಲಿಗೇ ಎದ್ದು ಹೋಗಿದ್ದಾರೆ, ಉಳಿದವರ ಜೊತೆ ಕೆಲಸ ನಡೆದಿದೆ.