ಐಚಿಗೆ ಬಂದ ಹೊಸಬರಿಗೆ: ಟೊಯೋಟಾ ಊರು, ಅದರ ಕ್ಯಾಲೆಂಡರ್, ನಿಮ್ಮ ಮೊದಲ ಕಾರು

ಸಂಘದ ವಾಟ್ಸಾಪ್ ಗುಂಪಿಗೆ ಸೇರಿದ ಮೊದಲ ವಾರ ಎಲ್ಲರೂ ಕೇಳುವ ಪ್ರಶ್ನೆ ಮೂರೇ. ತೊಗರಿಬೇಳೆ ಎಲ್ಲಿ ಸಿಗುತ್ತದೆ, ಮಗುವನ್ನು ಯಾವ ಶಾಲೆಗೆ ಹಾಕೋದು, ಕಾರು ತೊಗೋಬೇಕಾ ಬೇಡವಾ. ಮೊದಲೆರಡಕ್ಕೆ ಉತ್ತರ ಗುಂಪಿನಲ್ಲೇ ಹತ್ತು ನಿಮಿಷದಲ್ಲಿ ಸಿಗುತ್ತದೆ. ಮೂರನೆಯದಕ್ಕೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ನೀವು ಬಂದಿರುವುದು ಟೋಕಿಯೊಗಲ್ಲ, ಟೊಯೋಟಾ ಹುಟ್ಟಿ ಬೆಳೆದ ಐಚಿ ಪ್ರಾಂತ್ಯಕ್ಕೆ. ಇಲ್ಲಿ ಟೊಯೋಟಾ ಅನ್ನುವುದು ಒಂದು ಕಾರಿನ ಹೆಸರಷ್ಟೇ ಅಲ್ಲ. ಊರಿನ ಹೆಸರೂ ಅದೇ, ನಿಮ್ಮ ಮನೆಯ ರಜೆ ಯಾವತ್ತು ಅಂತ ತೀರ್ಮಾನ ಮಾಡುವುದೂ ಅದೇ.

ಮೊದಲು ಗೋಡೆಗೆ ಎರಡು ಕ್ಯಾಲೆಂಡರ್

ತಮಾಷೆಯಲ್ಲ. ಟೊಯೋಟಾ ಮತ್ತು ಅದಕ್ಕೆ ಬಿಡಿಭಾಗ ಮಾಡಿಕೊಡುವ ಕಂಪನಿಗಳು ನಡೆಯುವುದು ‘ಟೊಯೋಟಾ ಕ್ಯಾಲೆಂಡರ್’ ಪ್ರಕಾರ. ವಾರದ ಮಧ್ಯೆ ಬರುವ ಸರ್ಕಾರಿ ರಜೆಗೆ ಅಲ್ಲಿ ರಜೆ ಇಲ್ಲ, ಕಾರ್ಖಾನೆಯ ಜೋಡಣೆ ಲೈನ್ ಓಡುತ್ತಿರುತ್ತದೆ. ಒಂದು ದಿನಕ್ಕೋಸ್ಕರ ಲೈನ್ ನಿಲ್ಲಿಸಿ ಮತ್ತೆ ಶುರುಮಾಡುವುದು ದಂಡ ಎಂಬ ಲೆಕ್ಕ. ಅದಕ್ಕೆ ಬದಲಾಗಿ ವರ್ಷಕ್ಕೆ ಮೂರು ಸಲ ಉದ್ದ ರಜೆ ಬರುತ್ತದೆ: ಮೇ ತಿಂಗಳ ಶುರುವಿನಲ್ಲಿ, ಆಗಸ್ಟಿನ ಓಬೋನ್ ಹಬ್ಬಕ್ಕೆ, ವರ್ಷದ ಕೊನೆಗೆ.

ಇದರಿಂದ ಮನೆಯಲ್ಲಿ ಏನಾಗುತ್ತದೆ ಗೊತ್ತಾ? ಸರ್ಕಾರಿ ರಜೆ ಅಂತ ಶಾಲೆ ಬಾಗಿಲು ಹಾಕಿರುತ್ತದೆ, ಮಕ್ಕಳು ಮನೆಯಲ್ಲಿ. ಅಪ್ಪನೋ ಅಮ್ಮನೋ ಎಂದಿನಂತೆ ಡ್ಯೂಟಿಗೆ. ಮೊದಲ ವರ್ಷ ನಮ್ಮ ಮನೆಯಲ್ಲಿ ಇದೇ ಆಯಿತು. ‘ಇವತ್ತು ಇಡೀ ಜಪಾನಿಗೆ ರಜೆ, ನಿಮಗೊಬ್ಬರಿಗೆ ಯಾಕಿಲ್ಲ?’ ಎಂದು ಹೆಂಡತಿ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಫೀಸಿನಲ್ಲಿ ಆ ಕ್ಯಾಲೆಂಡರ್ ಕೇಳಿ ತಂದು ಶಾಲೆಯದರ ಪಕ್ಕಕ್ಕೇ ನೇತುಹಾಕಿ. ಊರಿಗೆ ಹೋಗುವ ಟಿಕೆಟ್ಟನ್ನು ಎರಡನ್ನೂ ನೋಡಿಯೇ ಮಾಡಿಸಿ. ಆ ಮೂರು ರಜೆಗಳಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದರಿಂದ ಟಿಕೆಟ್ ದರ ಕೇಳುವ ಹಾಗಿರುವುದಿಲ್ಲ.

ಊರಿಗೆ ಕಂಪನಿಯ ಹೆಸರು

ಕಂಪನಿಗೆ ಊರಿನ ಹೆಸರು ಬಂತು ಅಂದುಕೊಂಡಿದ್ದರೆ ಅದು ತಿರುವುಮುರುವು. ಟೊಯೋಟಾ ನಗರದ ಮೊದಲ ಹೆಸರು ಕೊರೊಮೊ. ರೇಷ್ಮೆಗೂಡಿನ ವ್ಯಾಪಾರದ ಊರದು. ರೇಷ್ಮೆ ಬೆಲೆ ಬಿದ್ದಾಗ ಊರೂ ಸೊರಗಿತು. ಅಲ್ಲಿ 1938ರಲ್ಲಿ ಕಾರಿನ ಕಾರ್ಖಾನೆ ಬಂತು. 1959ರಲ್ಲಿ ಊರು ತನ್ನ ಹೆಸರನ್ನೇ ಬದಲಿಸಿಕೊಂಡಿತು. ನಮ್ಮ ರಾಮನಗರದ ರೇಷ್ಮೆ ಮಾರುಕಟ್ಟೆ ನೋಡಿದವರಿಗೆ ಇದನ್ನು ಕೇಳಿದರೆ ಒಂಥರಾ ಅನ್ನಿಸುತ್ತದೆ, ಏಕೆಂದರೆ ಟೊಯೋಟಾ ಕರ್ನಾಟಕಕ್ಕೆ ಬಂದಾಗಲೂ ಕಾರ್ಖಾನೆ ಕಟ್ಟಿದ್ದು ಅದರ ಪಕ್ಕದ ಬಿಡದಿಯಲ್ಲೇ.

ಕಂಪನಿಯ ಹೆಸರಿನಲ್ಲೂ ಒಂದು ಕಥೆ ಇದೆ. ಮನೆತನದ ಹೆಸರು ಟೊಯೋಡಾ, ‘ಡಾ’. 1936ರಲ್ಲಿ ಲಾಂಛನಕ್ಕೆ ಸ್ಪರ್ಧೆ ಇಟ್ಟ ಹೊತ್ತಿನಲ್ಲಿ ಅದನ್ನು ‘ಟಾ’ ಮಾಡಿದರು. ಜಪಾನಿ ಲಿಪಿಯಲ್ಲಿ ಹಾಗೆ ಬರೆದರೆ ಎಂಟು ಗೆರೆ ಸಾಕು, ಎಂಟು ಶುಭ. ಹೆಸರಿಗೆ ಒಂದು ಅಕ್ಷರ ಸೇರಿಸಿ, ಒಂದು ತೆಗೆಯಿರಿ ಎನ್ನುವ ನಮ್ಮೂರಿನ ಸಂಖ್ಯಾಶಾಸ್ತ್ರದವರಿಗೆ ಇದನ್ನು ಹೇಳಬೇಡಿ, ಬೋರ್ಡಿನಲ್ಲಿ ಹಾಕಿಕೊಂಡಾರು.

ಮಗ್ಗದ ಮುಂದೆ ಅಮ್ಮ

ಊರಿಂದ ಅಪ್ಪ ಅಮ್ಮ ಬಂದಾಗ ಎಲ್ಲಿಗೆ ಕರೆದುಕೊಂಡು ಹೋಗೋದು ಎಂಬ ಚಿಂತೆ ಎಲ್ಲರಿಗೂ ಇದ್ದದ್ದೇ. ನಗೋಯಾ ಕೋಟೆ ಸರಿ. ಅದರ ಜೊತೆಗೆ ಟೊಯೋಟಾದ ಕೈಗಾರಿಕೆ ಮತ್ತು ತಂತ್ರಜ್ಞಾನ ಮ್ಯೂಸಿಯಂಗೂ ಹೋಗಿ. ಮೇಟೆತ್ಸು ರೈಲಿನಲ್ಲಿ ನಗೋಯಾದಿಂದ ಒಂದೇ ಸ್ಟೇಷನ್, ಸಾಕೋದಲ್ಲಿ ಇಳಿದು ಮೂರು ನಿಮಿಷ ನಡೆದರೆ ಸಿಗುತ್ತದೆ. ಸೋಮವಾರ ರಜೆ.

ಕಾರು ನೋಡಲು ಬಂದವರಿಗೆ ಒಳಗೆ ಮೊದಲು ಕಾಣುವುದು ಹತ್ತಿ, ನೂಲು, ಮಗ್ಗ. ನನ್ನ ಅಮ್ಮನ ತವರು ದೊಡ್ಡಬಳ್ಳಾಪುರ. ಪವರ್‌ಲೂಮಿನ ಸದ್ದಿನಲ್ಲೇ ಬೆಳೆದವರು. ಕಾರು ಅಂದರೆ ಅವರಿಗೆ ಅಷ್ಟಕ್ಕಷ್ಟೆ. 1924ರ ಜಿ ಮಾದರಿಯ ಮಗ್ಗದ ಮುಂದೆ ಮಾತ್ರ ನಿಂತವರು ಕದಲಲಿಲ್ಲ. ಅಲ್ಲಿನ ಹುಡುಗಿ ಮಗ್ಗ ಓಡಿಸಿದಳು. ಲಾಳಿ ಆ ಕಡೆಯಿಂದ ಈ ಕಡೆಗೆ ಟಕ ಟಕ ಹಾರಿತು. ಆಮೇಲೆ ಅವಳು ಬೇಕೆಂದೇ ಹಾಸಿನ ಒಂದು ಎಳೆ ಕಡಿದಳು. ಮಗ್ಗ ತನ್ನಷ್ಟಕ್ಕೆ ನಿಂತಿತು.

ಅಮ್ಮ ನನ್ನ ಕೈ ಹಿಡಿದುಕೊಂಡರು. ‘ತಾನೇ ನಿಂತುಬಿಡ್ತಲ್ಲೋ! ನಮ್ಮಪ್ಪ ಊಟದ ಮಧ್ಯೆ ಎದ್ದು ಓಡ್ತಿದ್ರು ಕಣೋ, ಎಲ್ಲಿ ಎಳೆ ಕಡೀತೋ ಅಂತ.’

ಟೊಯೋಟಾದ ಕಥೆಯೆಲ್ಲ ಆ ನಿಂತ ಮಗ್ಗದಲ್ಲಿದೆ. ಮಾಡಿದವರು ಸಕಿಚಿ ಟೊಯೋಡಾ, 1867ರಲ್ಲಿ ಹುಟ್ಟಿದ ಬಡಗಿಯ ಮಗ. ಎಳೆ ಕಡಿದರೂ ಮಗ್ಗ ಓಡುತ್ತಿದ್ದರೆ ಬಟ್ಟೆಯಲ್ಲಿ ದೋಷ ಉಳಿಯುತ್ತದೆ. ಅದಕ್ಕೇ ಪ್ರತಿ ಮಗ್ಗಕ್ಕೂ ಒಬ್ಬರು ಕಣ್ಣಿಟ್ಟು ಕೂರಬೇಕಿತ್ತು. ತಾನೇ ನಿಲ್ಲುವ ಮಗ್ಗ ಬಂದ ಮೇಲೆ ಒಬ್ಬರೇ 30 ಮಗ್ಗ ನೋಡಿಕೊಳ್ಳಬಹುದಾಯಿತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಒಂದು ಲಕ್ಷ ಪೌಂಡಿಗೆ ಇದರ ಪೇಟೆಂಟ್ ಹಕ್ಕಿನ ಒಪ್ಪಂದ ಮಾಡಿಕೊಂಡಿತು. ಸಕಿಚಿಯ ಮಗ ಕಿಯಿಚಿರೋಗೆ ಕಾರಿನ ಹುಚ್ಚು. 1933ರಲ್ಲಿ ಮಗ್ಗದ ಕಂಪನಿಯೊಳಗೇ ಕಾರಿನ ವಿಭಾಗ ತೆರೆದರು. 1936ರಲ್ಲಿ ಎಎ ಕಾರು ಬಂತು, 1937ರಲ್ಲಿ ಬೇರೆ ಕಂಪನಿಯೇ ಆಯಿತು.

ಮುಂದೆ ತಾಯಿಚಿ ಓನೋ ಎಂಬ ಇಂಜಿನಿಯರ್ ಮಗ್ಗದ ಬುದ್ಧಿಯನ್ನು ಕಾರಿನ ಲೈನಿಗೆ ತಂದರು. ಇವರೂ ಜವಳಿ ಕಡೆಯಿಂದಲೇ ಬಂದವರು. ತಪ್ಪು ಕಂಡರೆ ಯಾವ ಕೆಲಸಗಾರನಾದರೂ ಹಗ್ಗ ಎಳೆಯಬಹುದು, ಸರಿಯಾಗದಿದ್ದರೆ ಲೈನ್ ನಿಲ್ಲುತ್ತದೆ. ಒಂದು ತಪ್ಪಿಗೆ ಐದು ಸಲ ‘ಯಾಕೆ’ ಅಂತ ಕೇಳಬೇಕು. ಬೇಕಾದ ಭಾಗ, ಬೇಕಾದ ಹೊತ್ತಿಗೆ, ಬೇಕಾದಷ್ಟೇ ಬರಬೇಕು, ಉಗ್ರಾಣದಲ್ಲಿ ಕೊಳೆಯಬಾರದು. ನೀವು ಇಲ್ಲಿನ ಕಂಪನಿಗೆ ಸೇರಿದ್ದರೆ ಈ ಐದು ‘ಯಾಕೆ’ಯ ಕಾಟ ಮೊದಲ ತಿಂಗಳೇ ತಟ್ಟುತ್ತದೆ. ಬಯ್ಯುತ್ತಿದ್ದಾರೆ ಅಂದುಕೊಳ್ಳಬೇಡಿ. ‘ತಪ್ಪು ಯಾರದು’ ಅಂತ ಅವರು ಕೇಳುತ್ತಿಲ್ಲ, ‘ಯಾಕೆ ಆಯಿತು’ ಅಂತ ಕೇಳುತ್ತಿದ್ದಾರೆ. ನನಗೆ ಇದು ಅರ್ಥವಾಗಲು ಒಂದು ವರ್ಷ ಬೇಕಾಯಿತು.

ಒಳ್ಳೆ ಹೆಸರು ಸುಮ್ನೆ ಬಂದಿಲ್ಲ

ಟೊಯೋಟಾದ ಮೊದಲ ಲಾರಿಗಳು ದಾರಿಯಲ್ಲಿ ಕೆಟ್ಟು ನಿಲ್ಲುತ್ತಿದ್ದವು, ಕಂಪನಿಯವರು ನಿಂತಲ್ಲಿಗೇ ಹೋಗಿ ರಿಪೇರಿ ಮಾಡಿಕೊಡುತ್ತಿದ್ದರು. 1950ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂತು. ಕೆಲಸಗಾರರನ್ನು ತೆಗೆಯಬೇಕಾಯಿತು, ಮುಷ್ಕರ ನಡೆಯಿತು, ಕಿಯಿಚಿರೋ ರಾಜೀನಾಮೆ ಕೊಟ್ಟರು. ಅದೇ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾಗಿ ಅಮೆರಿಕದ ಸೇನೆಯಿಂದ ಲಾರಿಗೆ ಆರ್ಡರ್ ಬಂದವು. ಕಂಪನಿ ಉಳಿಯಿತು. ಕಿಯಿಚಿರೋ ಮಾತ್ರ 1952ರಲ್ಲಿ ತೀರಿಕೊಂಡರು, ಒಳ್ಳೆಯ ದಿನ ನೋಡಲಿಲ್ಲ.

ಅಮೆರಿಕಕ್ಕೆ ಮೊದಲು ಕಳಿಸಿದ ಕ್ರೌನ್ ಕಾರಿನ ಪಾಡೂ ಅಷ್ಟೆ. ಅಲ್ಲಿನ ಹೈವೇಯಲ್ಲಿ ಏರು ಹತ್ತುವಾಗ ಉಬ್ಬಸ. 1958ರಲ್ಲಿ ಅಲ್ಲಿ ಮಾರಿದ್ದು 287 ಕ್ರೌನ್, ಒಂದೇ ಒಂದು ಲ್ಯಾಂಡ್ ಕ್ರೂಸರ್. ಆಮೇಲೆ 1966ರಲ್ಲಿ ಕೊರೊಲ್ಲಾ, 1989ರಲ್ಲಿ ಐಷಾರಾಮಿ ಲೆಕ್ಸಸ್, 1997ರಲ್ಲಿ ಹೈಬ್ರಿಡ್ ಪ್ರಿಯಸ್ ಬಂದ ಕಥೆ ನಿಮಗೆ ಗೊತ್ತಿರುವುದೇ.

ಹೆಸರು ಕೆಟ್ಟ ದಿನಗಳೂ ಇವೆ. 2009-10ರಲ್ಲಿ ಅಮೆರಿಕದಲ್ಲಿ ಆಕ್ಸಿಲರೇಟರ್ ಮ್ಯಾಟ್‌ಗೆ ಸಿಕ್ಕಿಕೊಳ್ಳುವ, ಒತ್ತಿದಲ್ಲೇ ಅಂಟಿಕೊಳ್ಳುವ ದೋಷಕ್ಕೆ ಲಕ್ಷಗಟ್ಟಲೆ ಕಾರು ವಾಪಸ್ ಕರೆಸಬೇಕಾಯಿತು. ಸಕಿಚಿಯ ಮರಿಮಗ ಅಕಿಯೋ ಟೊಯೋಡಾ 2010ರ ಫೆಬ್ರವರಿಯಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಕುಳಿತು ಕ್ಷಮೆ ಕೇಳಿದರು. ಗ್ರಾಹಕರಿಗೆ ಸರಿಯಾದ ಮಾಹಿತಿ ಕೊಡದೆ ದಾರಿ ತಪ್ಪಿಸಿದ್ದಕ್ಕೆ 2014ರಲ್ಲಿ 120 ಕೋಟಿ ಡಾಲರ್ ದಂಡ ಕಟ್ಟಿದರು. ಇತ್ತೀಚೆಗೆ, 2023ರ ಡಿಸೆಂಬರ್‌ನಲ್ಲಿ, ಟೊಯೋಟಾದ್ದೇ ಆದ ದಾಯಿಹತ್ಸು ಕಂಪನಿ ಸುರಕ್ಷತಾ ಪರೀಕ್ಷೆಗಳಲ್ಲಿ ವರ್ಷಗಟ್ಟಲೆ ಮೋಸ ಮಾಡಿದ್ದು ಹೊರಬಂತು. ಎಳೆ ಕಡಿದದ್ದು ಗೊತ್ತಿದ್ದೂ ಮಗ್ಗ ಓಡಿಸಿದ ಹಾಗೆ. ಇಲ್ಲಿನ ಜನ ಅದನ್ನು ನಮಗಿಂತ ಹೆಚ್ಚು ನಾಚಿಕೆಯಿಂದ ಮಾತಾಡುತ್ತಾರೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಮನೆಗೆ ಜಪಾನಿ ಭಾಷೆಯಲ್ಲಿ ರೀಕಾಲ್ ಪತ್ರ ಬಂದರೆ ಜಾಹೀರಾತು ಅಂತ ಕಸಕ್ಕೆ ಹಾಕಬೇಡಿ. ಫೋಟೋ ತೆಗೆದು ಗುಂಪಿಗೆ ಹಾಕಿ, ಯಾರಾದರೂ ಓದಿ ಹೇಳುತ್ತಾರೆ. ರಿಪೇರಿಗೆ ದುಡ್ಡಿಲ್ಲ. ಹಳೆ ಕಾರಾದರೆ, ಸಿಡಿಯುವ ದೋಷಕ್ಕೆ ವಾಪಸ್ ಕರೆಸಿದ ತಕಾತಾ ಕಂಪನಿಯ ಏರ್‌ಬ್ಯಾಗ್ ಬದಲಿಸಿದ್ದಾರಾ ಅಂತ ಕೊಳ್ಳುವ ಮೊದಲೇ ಕೇಳಿ. ಅಪಾಯದ ಪಟ್ಟಿಯಲ್ಲಿರುವ ಏರ್‌ಬ್ಯಾಗ್ ಹಾಗೇ ಇದ್ದರೆ ಕಾರಿನ ತಪಾಸಣೆಯೇ ಪಾಸಾಗುವುದಿಲ್ಲ.

ಇನ್ನೋವಾ ಸಿಗಲ್ಲ

ಬೆಂಗಳೂರಿನಿಂದ ಬಂದವರಿಗೆ ಇದು ದೊಡ್ಡ ಆಘಾತ. ಟೊಯೋಟಾ ಅಂದರೆ ನಮಗೆ ಮೊದಲು ಕ್ವಾಲಿಸ್, ಆಮೇಲೆ ಇನ್ನೋವಾ. ಧರ್ಮಸ್ಥಳಕ್ಕೆ ಹೋದದ್ದು ಅದರಲ್ಲೇ, ರಾತ್ರಿ ಪಾಳಿಯ ಪಿಕಪ್ ಬಂದದ್ದೂ ಅದರಲ್ಲೇ. ಕಿರ್ಲೋಸ್ಕರ್ ಜೊತೆ ಟೊಯೋಟಾ ಗುಂಪು ಮೊದಲು ಕೈಜೋಡಿಸಿದ್ದು ಕೂಡ ಕಾರಿಗಲ್ಲ, 1995ರಲ್ಲಿ ಜವಳಿ ಯಂತ್ರಕ್ಕೆ. ಕಾರಿನ ಕಂಪನಿ ಹುಟ್ಟಿದ್ದು 1997ರಲ್ಲಿ, ಬಿಡದಿಯ ಕ್ವಾಲಿಸ್ ರಸ್ತೆಗಿಳಿದದ್ದು 2000ದ ಶುರುವಿನಲ್ಲಿ. ಆಮೇಲಿಂದ ತಟ್ಟೆ ಇಡ್ಲಿಯ ಊರಿಗೆ ಎರಡನೇ ಗುರುತು ಸಿಕ್ಕಿತು. ಅಲ್ಲಿ ಎಲ್ಲವೂ ನುಣ್ಣಗೆ ನಡೆಯಿತು ಅಂತೇನಿಲ್ಲ. 2014ರಲ್ಲೂ 2020ರಲ್ಲೂ ಕಾರ್ಮಿಕರ ಜೊತೆ ಜಗಳವಾಗಿ ಕಾರ್ಖಾನೆ ಲಾಕೌಟ್ ಆಗಿತ್ತು.

ಜಪಾನಿನಲ್ಲಿ ಇನ್ನೋವಾ ಮಾರುವುದಿಲ್ಲ. ಅಜ್ಜಿ ತಾತ ಬಂದರೂ ಹಿಡಿಸಬೇಕು ಎಂದರೆ ಸಿಯೆಂಟಾ ಅಥವಾ ನೋವಾ ನೋಡಿ. ನಮ್ಮಲ್ಲಿ ವೆಲ್‌ಫೈರ್ ಅನ್ನುವ ಗಾಡಿಯ ಜೊತೆಯವನು ಆಲ್ಫಾರ್ಡ್, ದುಬಾರಿ ಗಾಡಿ, ನೋಡಿ ಸಂತೋಷಪಡಿ, ಸಾಕು. ಇಬ್ಬರು, ಒಂದು ಮಗು ಇದ್ದರೆ ಹಳದಿ ನಂಬರ್ ಪ್ಲೇಟಿನ ‘ಕೇ’ ಕಾರು ಧಾರಾಳ. 660 ಸಿಸಿ ಎಂಜಿನ್, ತೆರಿಗೆ ಕಡಿಮೆ, ಇಲ್ಲಿನ ಗಲ್ಲಿಗಳಲ್ಲಿ ನುಸುಳುತ್ತದೆ. ಟೊಯೋಟಾನೇ ಬೇಕು ಅಂತೇನೂ ಇಲ್ಲ. ಈ ಊರಲ್ಲಿ ಸುಜುಕಿ ಓಡಿಸಿದರೆ ಯಾರೂ ಕಲ್ಲು ಹೊಡೆಯುವುದಿಲ್ಲ. ಆದರೆ ಕೆಲವು ಕಾರ್ಖಾನೆಗಳಲ್ಲಿ ಬೇರೆ ಕಂಪನಿಯ ಕಾರಿಗೆ ಪಾರ್ಕಿಂಗ್ ದೂರ ಎಂದು ಕೇಳಿದ್ದೇವೆ, ನಿಮ್ಮ ಆಫೀಸಿನಲ್ಲಿ ವಿಚಾರಿಸಿ.

ಕೊಳ್ಳುವ ಮುಂಚೆ ಪಾರ್ಕಿಂಗ್ ಜಾಗ. ಮನೆಯಿಂದ 2 ಕಿಲೋಮೀಟರ್ ಒಳಗೆ ಜಾಗ ಇದೆ ಎಂದು ಪೊಲೀಸ್ ಠಾಣೆಯಿಂದ ‘ಶಾಕೋ ಶೋಮೇ’ ಪತ್ರ ತರಬೇಕು, ಇಲ್ಲದಿದ್ದರೆ ಕಾರು ನಿಮ್ಮ ಹೆಸರಿಗೆ ಆಗದು. ಕೇ ಕಾರಿನ ನಿಯಮ ಊರಿಂದೂರಿಗೆ ಸ್ವಲ್ಪ ಬೇರೆ. ಆಮೇಲೆ ಶಾಕೆನ್, ಅಂದರೆ ತಪಾಸಣೆ: ಹೊಸ ಕಾರಿಗೆ ಮೂರು ವರ್ಷಕ್ಕೆ, ಮುಂದೆ ಎರಡೆರಡು ವರ್ಷಕ್ಕೆ. ನಾನು ಮೊದಲು ಕೊಂಡ ಹಳೆ ಕಾರು ಅಗ್ಗಕ್ಕೆ ಸಿಕ್ಕಿತು ಎಂದು ಬೀಗಿದ್ದೆ. ಅದರ ಶಾಕೆನ್ ಮುಗಿಯಲು ಎರಡೇ ತಿಂಗಳಿತ್ತು, ಅಂಗಡಿಯವನು ಹೇಳಲಿಲ್ಲ, ನಾನು ಕೇಳಲಿಲ್ಲ. ಉಳಿಸಿದ ದುಡ್ಡೆಲ್ಲ ಅಲ್ಲಿಗೇ ಹೋಯಿತು. ಏಪ್ರಿಲ್ 1ಕ್ಕೆ ಕಾರು ಯಾರ ಹೆಸರಲ್ಲಿದೆಯೋ ಆ ವರ್ಷದ ತೆರಿಗೆ ಚೀಟಿ ಅವರಿಗೇ ಬರುತ್ತದೆ, ಅದೂ ನೆನಪಿರಲಿ. ಕಡ್ಡಾಯ ವಿಮೆ ಒಂದೇ ಸಾಲದು, ‘ನಿನ್-ಇ’ ಎನ್ನುವ ಐಚ್ಛಿಕ ವಿಮೆ ಮಾಡಿಸದೆ ಗಾಡಿ ಹೊರಗೆ ತೆಗೆಯಬೇಡಿ. ಆರು ವರ್ಷದೊಳಗಿನ ಮಗುವಿಗೆ ಚೈಲ್ಡ್ ಸೀಟ್ ಕಡ್ಡಾಯ, ‘ತೊಡೆ ಮೇಲೆ ಕೂರಿಸಿಕೊಳ್ತೀನಿ ಬಿಡಿ’ ಇಲ್ಲಿ ನಡೆಯಲ್ಲ.

ಲೈಸೆನ್ಸ್

ನಮ್ಮ ದೇಶದ ಅಂತರರಾಷ್ಟ್ರೀಯ ಪರ್ಮಿಟ್ ಇಲ್ಲಿ ನಡೆಯುತ್ತದೆ, ಆದರೆ ಬಂದಿಳಿದ ದಿನದಿಂದ ಒಂದು ವರ್ಷ ಅಥವಾ ಪರ್ಮಿಟ್ಟಿನ ಅವಧಿ ಮುಗಿಯುವ ತನಕ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ. ಅಷ್ಟರೊಳಗೆ ಜಪಾನಿ ಲೈಸೆನ್ಸಿಗೆ ಬದಲಿಸಿಕೊಳ್ಳಿ. 2025ರ ಅಕ್ಟೋಬರ್‌ನಿಂದ ಇದು ಬಿಗಿಯಾಗಿದೆ, 10 ಪ್ರಶ್ನೆ ಇದ್ದದ್ದು 50 ಆಗಿದೆ. ಓಡಿಸಿ ತೋರಿಸುವ ಪರೀಕ್ಷೆಯೂ ಇದೆ. ನಗೋಯಾ ಕಡೆಯವರಿಗೆ ಅದು ಹಿರಬಾರಿ ಕೇಂದ್ರದಲ್ಲಿ.

ಬೆಂಗಳೂರಿನ ಸಿಲ್ಕ್ ಬೋರ್ಡ್ ದಾಟಿದವನಿಗೆ ಇದೇನು ಮಹಾ ಎಂದು ಹೋಗಿದ್ದೆ. ‘ತೋಮಾರೆ’, ಅಂದರೆ ‘ನಿಲ್ಲಿ’ ಎಂದು ಬರೆದ ಕೆಂಪು ತ್ರಿಕೋನದ ಹತ್ತಿರ ನಿಧಾನ ಮಾಡಿದೆ, ಎರಡೂ ಕಡೆ ನೋಡಿದೆ, ಮುಂದೆ ಹೋದೆ. ಪಕ್ಕ ಕುಳಿತಿದ್ದ ಅಧಿಕಾರಿ ಏನೋ ಗೀಚಿಕೊಂಡರು. ಫೇಲ್. ನಿಧಾನ ಮಾಡುವುದು ಬೇರೆ, ನಿಲ್ಲುವುದು ಬೇರೆ ಅಂತೆ. ಚಕ್ರ ಪೂರ್ತಿ ನಿಲ್ಲಬೇಕು, ಗೆರೆ ದಾಟಬಾರದು. ಎರಡನೇ ಸಲ ಗೆರೆಯ ಹಿಂದೆ ನಿಂತು ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿದೆ. ಪಾಸ್. ರೈಲ್ವೆ ಗೇಟ್ ತೆರೆದಿದ್ದರೂ ಹೀಗೇ ನಿಂತು ಹೋಗಬೇಕು.

ಹೋಗುವಾಗ ಊರಿನ ಲೈಸೆನ್ಸ್ ಜೊತೆ ಅದರ ಅಧಿಕೃತ ಜಪಾನಿ ಅನುವಾದ ಇರಲಿ. ಆ ಊರಿನ ಲೈಸೆನ್ಸ್ ಸಿಕ್ಕ ಮೇಲೆ ಕನಿಷ್ಠ ಮೂರು ತಿಂಗಳು ಭಾರತದಲ್ಲೇ ಇದ್ದಿರಿ ಅಂತ ಪಾಸ್‌ಪೋರ್ಟಿನ ಮುದ್ರೆ ನೋಡಿ ಲೆಕ್ಕ ಹಾಕುತ್ತಾರೆ. ಹಾಗಾಗಿ ಹಳೆಯ ಪಾಸ್‌ಪೋರ್ಟೂ ಬೇಕು. ಅದನ್ನು ಊರಿನ ಬೀರುವಿನಲ್ಲೇ ಬಿಟ್ಟು ಬಂದಿದ್ದರೆ ಇವತ್ತೇ ಮನೆಗೆ ಫೋನ್ ಮಾಡಿ, ಕೊರಿಯರ್ ಹಾಕಿಸಿ.